ಶ್ರೀಶೈಲದ ಜಲಾಶಯ: ಸ್ಥಾವರ ಉಳಿಯಿತು, ಜಂಗಮ?



ಯುಗಾದಿಗೆ ಮುನ್ನ ಕಂಬಿಯನ್ನು ಹೊತ್ತು, ನಲ್ಲಮಲೆಯ ಕಾಡುದಾರಿಯಲ್ಲಿ ನಡೆದು ಶ್ರೀಶೈಲವನ್ನು ಸೇರುವ ಉತ್ತರ ಕರ್ನಾಟಕದ ಭಕ್ತಸಮೂಹವನ್ನು ತಾವು ಬಲ್ಲಿರಿ. ತಮ್ಮಲ್ಲಿ ಅನೇಕರು ಆ ಹಾದಿಯನ್ನು ತುಳಿದವರೇ ಆಗಿರಬಹುದು. ಸೊನ್ನಲಿಗೆಯ ಸಿದ್ಧರಾಮನು ಮಲ್ಲಯ್ಯನನ್ನು ಅರಸಿ ಹೋದುದು, ಉಡುತಡಿಯ ಅಕ್ಕಮಹಾದೇವಿಯು ಕಲ್ಯಾಣವನ್ನು ದಾಟಿ ಕದಳಿಯಲ್ಲಿ ಐಕ್ಯಳಾದುದು ಈ ಗಿರಿಯನ್ನು ನಂಬಿಯೇ. ಆದರೆ ಪಾತಾಳಗಂಗೆಯ ಮೆಟ್ಟಿಲನ್ನಿಳಿದು ಇಂದು ತಾವು ಮುಟ್ಟುವ ನೀರು ಶರಣರು ಕಂಡ ಹರಿಯುವ ಹೊಳೆಯದಲ್ಲ, ನಿಂತ ಜಲಾಶಯದ್ದು. ಅಕ್ಕನ ಹೆಸರಿನ ಗವಿಗೆ ದೋಣಿಯಲ್ಲಿ ಸಾಗುವ ಯಾತ್ರಿಕನು ಈ ಜಲರಾಶಿಯ ಮೇಲೆಯೇ ತೇಲುತ್ತಾನೆ. ಈ ನೀರಿನ ಚರಿತ್ರೆಯನ್ನು ಅರಿಯುವುದೂ ಯಾತ್ರೆಯ ಒಂದು ಅಂಗವೆಂದು ಭಾವಿಸಿ ಈ ಕೆಲವು ಮಾತುಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಶ್ರೀಶೈಲದ ಅಣೆಕಟ್ಟಿಗೆ 1963ರ ಜುಲೈ ತಿಂಗಳಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. ಹಣದ ಅಡಚಣೆಯಿಂದ ಕೆಲಸವು ನಿಧಾನವಾಗಿ ಸಾಗಿ, ಸುಮಾರು ಎರಡು ದಶಕಗಳ ತರುವಾಯ ಕಟ್ಟೆಯು ಪೂರ್ಣಗೊಂಡಿತು. ಎರಡು ಬೆಟ್ಟಗಳ ನಡುವಣ ಆಳವಾದ ಕಮರಿಯನ್ನು ಮುಚ್ಚಿದ ಈ ಕಟ್ಟೆಯ ಉದ್ದ 512 ಮೀಟರ್, ಎತ್ತರ 145 ಮೀಟರ್, ಬಾಗಿಲುಗಳು 12. ಮೊದಲು ಇದು ವಿದ್ಯುತ್ತಿಗಾಗಿಯೇ ಉದ್ದೇಶಿಸಿದ ಯೋಜನೆ. ಬಲದಂಡೆಯ ವಿದ್ಯುದಾಗಾರದಲ್ಲಿ 110 ಮೆಗಾವಾಟ್‌ಗಳ 7 ಯಂತ್ರಗಳು 1982ರಿಂದ ಒಂದೊಂದಾಗಿ ತಿರುಗತೊಡಗಿದವು. ಎಡದಂಡೆಯಲ್ಲಿ ನೆಲದೊಳಗೆ ಕೊರೆದ ಆಗಾರದಲ್ಲಿ 150 ಮೆಗಾವಾಟ್‌ಗಳ 6 ಯಂತ್ರಗಳಿವೆ. ಕೆಳಗಿನ ನಾಗಾರ್ಜುನಸಾಗರದ ನೀರನ್ನು ಮತ್ತೆ ಮೇಲಕ್ಕೆತ್ತುವ ಶಕ್ತಿಯೂ ಇವಕ್ಕೆ ಇದೆ. ಮುಂದೆ ನೀರಾವರಿಯ ಕಾಲುವೆಗಳೂ ಈ ಜಲಾಶಯಕ್ಕೆ ಬಂದು ಸೇರಿದವು. ಚೆನ್ನೈ ನಗರದ ಕುಡಿಯುವ ನೀರಿಗಾಗಿ ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶಗಳು ತಲಾ 5 ಟಿಎಂಸಿ ನೀರನ್ನು ಬಿಟ್ಟುಕೊಡಲು ಒಪ್ಪಿದುದು 1976ರಲ್ಲಿ. ಆ ನೀರು ಸಾಗುವುದೂ ಇಲ್ಲಿಂದಲೇ. ಇದು ನಾಡಿಗೆ ಆದ ದೊಡ್ಡ ಉಪಕಾರವೆಂಬುದು ನಿರ್ವಿವಾದ.

ಇನ್ನು ಈ ಉಪಕಾರದ ಬೆಲೆಯನ್ನು ನೋಡೋಣ. ಜಲಾಶಯದ ಹಿನ್ನೀರು ಕೃಷ್ಣೆ-ತುಂಗಭದ್ರೆಗಳ ಸಂಗಮದವರೆಗೆ ಹಬ್ಬುವುದಾಗಿತ್ತು. ಆ ಸಂಗಮದ ಕೂಡವೆಲ್ಲಿಯಲ್ಲಿ ಬಾದಾಮಿ ಚಾಲುಕ್ಯರ ಕಾಲದ ಸಂಗಮೇಶ್ವರ ದೇವಾಲಯವಿತ್ತು. ಕನ್ನಡದ ಅರಸರ ಆ ಶಿಲ್ಪವನ್ನು ನೀರಿಗೆ ಬಿಡಬಾರದೆಂದು ಕಲ್ಲುಕಲ್ಲಾಗಿ ಬಿಚ್ಚಿ, ಆಲಂಪುರಕ್ಕೆ ಸಾಗಿಸಿ, ಇದ್ದಂತೆಯೇ ಮತ್ತೆ ನಿಲ್ಲಿಸಿದರು. ಆಲಂಪುರದ ನವಬ್ರಹ್ಮ ದೇವಾಲಯಗಳಿಗೆ ನೀರು ನುಗ್ಗದಂತೆ ಕಟ್ಟೆಯನ್ನು ಹಾಕಿದರು. ಈ ಕಾರ್ಯದ ಹಿಂದಿನ ಶ್ರದ್ಧೆ, ತಾಳ್ಮೆ, ಲೆಕ್ಕಾಚಾರಗಳು ಯಾರಾದರೂ ತಲೆದೂಗುವಂಥವು.

ಆದರೆ ಅದೇ ನೀರಿನ ಹಾದಿಯಲ್ಲಿ ಕರ್ನೂಲು ಮತ್ತು ಮಹಬೂಬನಗರ ಜಿಲ್ಲೆಗಳ ಸುಮಾರು 100 ಗ್ರಾಮಗಳೂ ಇದ್ದವು. ಸುಮಾರು ಒಂದು ಲಕ್ಷ ಜನರೂ ಇದ್ದರು. ಅವರ ಪಾಲಿಗೆ ಅಂಥ ತಾಳ್ಮೆ ಒದಗಲಿಲ್ಲ. 1981ರಲ್ಲಿ, ಮಳೆಗಾಲದ ನೀರು ಏರುವ ಮುನ್ನ, ಊರುಗಳನ್ನು ಅವಸರದಿಂದ ತೆರವು ಮಾಡಿಸಿದರು, ಮನೆಗಳನ್ನು ಕೆಡವಿದರು. ಭೂಮಿಗೆ ಪ್ರತಿಯಾಗಿ ಭೂಮಿ ದೊರೆಯಲಿಲ್ಲ; ಪರಿಹಾರದ ಹಣ ಮಾತ್ರ ದೊರೆಯಿತು. ಉಂಡು ಬೆಳೆದ ಹೊಲ ಹೋದ ಮೇಲೆ ಹಣವೆಷ್ಟು ದಿನ ನಿಂತೀತು? ನೆಲೆ ಕಳೆದುಕೊಂಡ ಕುಟುಂಬಕ್ಕೊಂದು ಉದ್ಯೋಗವೆಂಬ ಸರಕಾರದ ಆಜ್ಞೆ ಹೊರಟುದು 1986ರಲ್ಲಿ. ಅದನ್ನು ನಡೆಸಿಕೊಡಿರೆಂದು ನಿರ್ವಾಸಿತರು ಮುಂದೆ ದಶಕಗಳ ಕಾಲ ಮೊರೆಯಿಟ್ಟರು.

ವಾಚಕರೇ, ಇಲ್ಲಿಯ ವಿಪರ್ಯಾಸವನ್ನು ಗಮನಿಸಿರಿ. ಕದಲಬಾರದ ಸ್ಥಾವರವು ಕದಲಿ ಉಳಿಯಿತು. ನಡೆದಾಡುವ ಜಂಗಮವು ನಡೆದುಹೋಗಿ ನೆಲೆಗೆಟ್ಟಿತು. ಕಲ್ಲಿಗೆ ಸ್ಥಳವನ್ನು ಹುಡುಕಿದ ಜಾಣ್ಮೆ ಮನುಷ್ಯನಿಗೆ ಸ್ಥಳವನ್ನು ಹುಡುಕುವಾಗ ಎಲ್ಲಿ ಹೋಯಿತು? ಗುಡಿಯನ್ನು ಉಳಿಸಿದುದು ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಕೂಡಲಸಂಗಮದಲ್ಲಿಯೂ ನಾರಾಯಣಪುರದ ಹಿನ್ನೀರು ಏರಿದಾಗ ಬಸವಣ್ಣನವರ ಐಕ್ಯಸ್ಥಳದ ಸುತ್ತ ಗೋಡೆಯನ್ನೆಬ್ಬಿಸಿ ಕಾಪಾಡಿದೆವು, ಅದಕ್ಕಾಗಿ ಧನ್ಯರಾದೆವು. ಗುಡಿಗೆ ತೋರಿದ ಅಷ್ಟೇ ಶ್ರದ್ಧೆಯು ಗುಡಿಸಲಿಗೂ ಸಲ್ಲಬೇಕಾಗಿತ್ತೆಂಬುದಷ್ಟೇ ನನ್ನ ಮಾತು. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಸಾರಿದ ಶರಣರ ಮಕ್ಕಳು ನಾವು. ಈ ಮಾತನ್ನು ನಾವಲ್ಲದೆ ಮತ್ತಾರು ಆಡಬೇಕು?

ಮನುಷ್ಯನು ಕಟ್ಟಿದುದು ಶಾಶ್ವತವೆಂಬ ಭ್ರಮೆಯೂ ಬೇಡ. ಮೊದಲು 308 ಟಿಎಂಸಿಯಷ್ಟಿದ್ದ ಜಲಾಶಯದ ಸಾಮರ್ಥ್ಯವು ಹೂಳು ತುಂಬಿ ಸುಮಾರು 215ಕ್ಕೆ ಇಳಿದಿದೆ. 2009ರ ಅಕ್ಟೋಬರಿನ ಮಹಾಪೂರದಲ್ಲಿ ನೀರು 885 ಅಡಿಯ ಪೂರ್ಣಮಟ್ಟವನ್ನು ಮೀರಿ 896 ಅಡಿಗೆ ಏರಿತು. ಕಟ್ಟೆ ನಿಂತಿತಾದರೂ ಮೇಲಿನ ಕರ್ನೂಲು ಪಟ್ಟಣ ಜಲಾವೃತವಾಯಿತು. 2020ರ ಆಗಸ್ಟಿನಲ್ಲಿ ಎಡದಂಡೆಯ ವಿದ್ಯುದಾಗಾರದಲ್ಲಿ ಬೆಂಕಿ ಬಿದ್ದು 9 ಮಂದಿ ಪ್ರಾಣ ತೆತ್ತರು. ನಮ್ಮ ಮನೆಯ ಒಂದು ದೀಪದ ಹಿಂದೆ ಎಷ್ಟು ಜನರ ತ್ಯಾಗವಿದೆ!

ಹಿನ್ನೀರಿನಲ್ಲಿ ಇನ್ನೊಂದು ಸಂಗಮೇಶ್ವರವಿದೆ. ಏಳು ನದಿಗಳು ಕೂಡುವ ಸ್ಥಳವೆಂದು ಅದರ ಪ್ರತೀತಿ. ಆ ಏಳರಲ್ಲಿ ತುಂಗೆ, ಭದ್ರೆ, ಭೀಮೆಯರೂ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಾಪಹಾರಿಯೂ ಇದ್ದಾರೆ. ಅಲ್ಲಿಯ ಲಿಂಗವು ಬೇವಿನ ಮರದ್ದು. ಈ ಗುಡಿಯನ್ನು ಯಾರೂ ಸಾಗಿಸಲಿಲ್ಲ. ವರುಷದ ಬಹುಕಾಲ ನೀರೊಳಗಿದ್ದು, ಬೇಸಗೆಯಲ್ಲಿ ನೀರು ಇಳಿದಾಗ ಅದು ಮೇಲೇಳುತ್ತದೆ; ಭಕ್ತರು ಹೋಗಿ ಪೂಜಿಸುತ್ತಾರೆ. ನೀರು ಇಳಿದಾಗ ದೇವರು ತನ್ನ ಸ್ಥಾನಕ್ಕೆ ಮರಳಿದನು. ಸುತ್ತಲಿನ ಊರಿನವರು ಮಾತ್ರ ಮರಳಲಿಲ್ಲ.

ಆದುದರಿಂದ, ಬರುವ ಯುಗಾದಿಗೆ ತಾವು ಶ್ರೀಶೈಲಕ್ಕೆ ಹೋದಾಗ, ಪಾತಾಳಗಂಗೆಯಲ್ಲಿ ಮೂರು ಬೊಗಸೆ ನೀರನ್ನು ಎತ್ತುವಾಗ, ಈ ನೀರಿನ ಅಡಿಯಲ್ಲಿ ಯಾರದೋ ಹೊಸ್ತಿಲಿದೆಯೆಂಬುದನ್ನು ನೆನೆಯಿರಿ. ನಮ್ಮ ಊರಿನಲ್ಲಿ ಕೆರೆಗಾಗಿ, ರಸ್ತೆಗಾಗಿ, ಕೊನೆಗೆ ಮಠದ ಕಟ್ಟಡಕ್ಕಾಗಿಯೇ ಒಬ್ಬರ ನೆಲವನ್ನು ಕೇಳುವ ಪ್ರಸಂಗ ಬಂದರೆ, ಆ ಕುಟುಂಬದ ನೆಲೆಯನ್ನು ಮೊದಲು ಗೊತ್ತುಮಾಡಿ ಅನಂತರ ಕಲ್ಲನ್ನು ಇಡೋಣ. ದಾಸೋಹವೆಂದರೆ ಇದೂ ಹೌದು.