ಮೇಘಾಲಯದ ಹೂಜಿ ಗಿಡ, ಕಲ್ಕತ್ತದ ತೋಟ

ಭಾರತದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಹೂಜಿ ಗಿಡದ ಜಾತಿ ಒಂದೇ: ನೆಪೆಂಥೆಸ್ ಖಾಸಿಯಾನ. ಅದರ ನೆಲೆ ಮೇಘಾಲಯದ ಗಾರೊ, ಖಾಸಿ, ಜೈಂತಿಯಾ ಗುಡ್ಡಗಳು. ಪಶ್ಚಿಮ ಘಟ್ಟದಲ್ಲಿ ಬೇರೆ ಕೀಟಾಹಾರಿ ಸಸ್ಯಗಳಾದ ಡ್ರೊಸೆರಾ, ಯುಟ್ರಿಕ್ಯುಲೇರಿಯಾಗಳು ಉಂಟು, ಹೂಜಿ ಗಿಡ ಇಲ್ಲ. ಶ್ರೀಲಂಕಾದಲ್ಲಿರುವುದು ಇನ್ನೊಂದು ಜಾತಿ, ನೆಪೆಂಥೆಸ್ ಡಿಸ್ಟಿಲೇಟೋರಿಯಾ. ಕಲ್ಕತ್ತದ ಹೂಗ್ಲಿ ನದಿಯ ದಂಡೆಯ ಬಯಲಿಗೂ ಹೂಜಿ ಗಿಡ ಕಾಡುಗಿಡವಲ್ಲ. ಹಾಗಿದ್ದೂ ಈ ಗಿಡಗಳ ಅರಿವು ಬೆಳೆದುಬಂದ ಚರಿತ್ರೆಯಲ್ಲಿ ಕಲ್ಕತ್ತ ಮತ್ತೆ ಮತ್ತೆ ಎದುರಾಗುತ್ತದೆ.

ಕಲ್ಕತ್ತದ ಎದುರು ದಂಡೆಯ ಶಿಬ್‌ಪುರದಲ್ಲಿ ಕರ್ನಲ್ ರಾಬರ್ಟ್ ಕಿಡ್ 1787ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಸಸ್ಯೋದ್ಯಾನ ಹೂಡಿದಾಗ ಕಣ್ಣಿದ್ದದ್ದು ತೇಗ, ಸಾಂಬಾರ ಪದಾರ್ಥಗಳಂಥ ಲಾಭದ ಬೆಳೆಗಳ ಮೇಲೆ. ವಿಲಿಯಂ ರಾಕ್ಸ್‌ಬರೊ, ಅವನ ನಂತರ ನಥಾನಿಯಲ್ ವಾಲಿಕ್ ಅದನ್ನು ಸಸ್ಯಶಾಸ್ತ್ರದ ಕೇಂದ್ರವಾಗಿ ಬೆಳೆಸಿದರು. ಕಂಪನಿಯ ತರುಣ ವೈದ್ಯ ವಿಲಿಯಂ ಜಾಕ್ 1818ರಲ್ಲಿ ವಾಲಿಕ್‌ನ ಮನೆಯಲ್ಲಿ ಅತಿಥಿಯಾಗಿದ್ದ. ಕಂಪನಿಯ ಅಧಿಕಾರಿ ಸ್ಟ್ಯಾಂಫರ್ಡ್ ರಾಫೆಲ್ಸ್‌ನ ಪರಿಚಯವಾದದ್ದೂ ಕಲ್ಕತ್ತದಲ್ಲೇ. ಅವನ ಜೊತೆ ಪೂರ್ವಕ್ಕೆ ಹೊರಟ ಜಾಕ್ 1819ರಲ್ಲಿ ಸಿಂಗಪುರದ ಕಾಡಿನಲ್ಲಿ ಹೂಜಿ ಗಿಡಗಳನ್ನು ಕಂಡು, ಅಲ್ಲಿನ ಗಿಡಮರಗಳ ಸುದ್ದಿಯನ್ನು ಕಾಗದಗಳಲ್ಲಿ ವಾಲಿಕ್‌ಗೆ ತಿಳಿಸುತ್ತಿದ್ದ. 1822ರಲ್ಲಿ, ಇನ್ನೂ 27ರ ಪ್ರಾಯದಲ್ಲಿ, ಅವನು ತೀರಿಕೊಂಡ. 1824ರಲ್ಲಿ ರಾಫೆಲ್ಸ್‌ನ ಸಂಗ್ರಹ ಹೊತ್ತ 'ಫೇಮ್' ಹಡಗು ಸುಟ್ಟುಹೋದಾಗ ಜಾಕ್‌ನ ದುಡಿಮೆಯ ಬಹುಪಾಲು ಅದರೊಂದಿಗೆ ಬೂದಿಯಾಯಿತು. ಅಷ್ಟು ಎಳೆ ವಯಸ್ಸಿನವನ ಅಷ್ಟು ನಿಖರವಾದ ಕೆಲಸ ಹೀಗೆ ಹೋದದ್ದು ಸಸ್ಯಶಾಸ್ತ್ರಕ್ಕಾದ ದೊಡ್ಡ ನಷ್ಟ. ಉಳಿದುಕೊಂಡ ಅವನ ವಿವರಣೆಗಳಿಂದ 1835ರಲ್ಲಿ ಎರಡು ಜಾತಿಗಳು ಪ್ರಕಟವಾದವು: ನೆಪೆಂಥೆಸ್ ರಾಫ್ಲೆಸಿಯಾನ ಮತ್ತು ನೆಪೆಂಥೆಸ್ ಆಂಪುಲೇರಿಯಾ. ಮೊದಲನೆಯದರಲ್ಲಿ ಕೆಳಗಿನ ಹೂಜಿಗಳು ಗುಂಡಾಗಿ, ಮೇಲಿನವು ಆಲಿಕೆಯ ಆಕಾರದಲ್ಲಿ ಇರುತ್ತವೆ. ಎರಡನೆಯದರ ಪುಟ್ಟ ದುಂಡು ಹೂಜಿಗಳು ನೆಲದ ಮೇಲೆ ಗುಂಪುಗುಂಪಾಗಿ ಬಿಡುತ್ತವೆ. ಮುಚ್ಚಳ ಹಿಂದಕ್ಕೆ ಬಾಗಿರುವುದರಿಂದ ಮರಗಳ ತರಗೆಲೆ ನೇರ ಒಳಕ್ಕೆ ಬೀಳುತ್ತದೆ, ಅದು ಕೊಳೆತಾಗ ಸಿಗುವ ಸಾರಜನಕವೂ ಗಿಡಕ್ಕೆ ಆಹಾರವೇ.

ಖಾಸಿ ಗುಡ್ಡಗಳ ಸುಣ್ಣದಕಲ್ಲು, ಕಿತ್ತಳೆ ನದಿಮಾರ್ಗವಾಗಿ ಬಂಗಾಳಕ್ಕೆ ಇಳಿಯುತ್ತಿದ್ದ ಕಾಲ ಅದು. ಅಸ್ಸಾಮಿನ ಚಹಾ ಗಿಡವನ್ನು ಪರೀಕ್ಷಿಸಲು 1835ರಲ್ಲಿ ಹೊರಟ ವಾಲಿಕ್, ವಿಲಿಯಂ ಗ್ರಿಫಿತ್ ಮತ್ತು ಜಾನ್ ಮೆಕ್‌ಕ್ಲೆಲಂಡ್ ಈ ಗುಡ್ಡಗಳನ್ನು ಹಾದೇ ಹೋದರು. 1850ರಲ್ಲಿ ಜೋಸೆಫ್ ಹೂಕರ್ ಮತ್ತು ಥಾಮಸ್ ಥಾಮ್ಸನ್ ಚಿರಾಪುಂಜಿಯನ್ನು ನೆಲೆ ಮಾಡಿಕೊಂಡು ತಿಂಗಳುಗಟ್ಟಲೆ ಗಿಡ ಸಂಗ್ರಹಿಸಿದರು. ಯುರೋಪಿನ ಗಾಜಿನಮನೆಗಳಲ್ಲಿ ಖಾಸಿ ಗುಡ್ಡದ ಗಿಡ ಬಹುಕಾಲ ಶ್ರೀಲಂಕಾದ ಜಾತಿಯ ಹೆಸರಿನಲ್ಲೇ ನಡೆಯುತ್ತಿತ್ತು. ಅದು ಬೇರೆಯೇ ಜಾತಿ ಎಂದು ಗುರುತಿಸಿ ಹೂಕರ್ 1873ರಲ್ಲಿ ಈಗಿನ ಹೆಸರು ಕೊಟ್ಟ. ಮರುವರ್ಷ ಬೆಲ್‌ಫಾಸ್ಟ್‌ನಲ್ಲಿ ಮಾಡಿದ ಭಾಷಣದಲ್ಲಿ, ಹೂಜಿಯ ದ್ರವದೊಳಗೆ ಮೊಟ್ಟೆಯ ಬಿಳಿ, ಮಾಂಸದ ತುಣುಕುಗಳನ್ನು ಹಾಕಿ ನೋಡಿದ ತನ್ನ ಪ್ರಯೋಗಗಳನ್ನು ವಿವರಿಸಿದ. ಗಿಡ ನಿಜವಾಗಿ ಜೀರ್ಣಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಪ್ರಯೋಗದಿಂದ ಉತ್ತರ ಹುಡುಕಿದ್ದು ಅಲ್ಲಿನ ಮುಖ್ಯ ಸಾಧನೆ. ಕೀಟಾಹಾರಿ ಸಸ್ಯಗಳ ಮೇಲೆ ಡಾರ್ವಿನ್ ಬರೆದ ಪುಸ್ತಕ ಬಂದದ್ದು 1875ರಲ್ಲಿ.

ಹೂಜಿ ಹೂವಲ್ಲ, ಎಲೆಯದೇ ಭಾಗ. ಎಲೆಯ ನಡುನರ ತುದಿಯಿಂದಾಚೆಗೆ ಬಳ್ಳಿಕುಡಿಯಾಗಿ ಚಾಚಿ, ಅದರ ಕೊನೆ ಉಬ್ಬಿ ಟೊಳ್ಳಾಗುತ್ತದೆ. ಎಳೆಯ ಹೂಜಿಯ ಬಾಯಿ ಮುಚ್ಚಿಯೇ ಇರುತ್ತದೆ, ಒಳಗೆ ಆಗಲೇ ದ್ರವ ತುಂಬಿರುತ್ತದೆ. ಬಲಿತ ಮೇಲೆ ಮುಚ್ಚಳ ತೆರೆದುಕೊಂಡು, ಮತ್ತೆ ಮುಚ್ಚಿಕೊಳ್ಳದೆ, ಬಾಯಿಯ ಮೇಲೆ ಸೂರಿನಂತೆ ನಿಲ್ಲುತ್ತದೆ. ಬಾಯಿಯ ಸುತ್ತಲಿನ ಅಂಚಿನಲ್ಲಿ ಜೇನು ಒಸರುತ್ತದೆ. ಒದ್ದೆಯಾದಾಗ ಆ ಅಂಚಿನ ಮೇಲೆ ಇರುವೆಯ ಕಾಲು ನಿಲ್ಲುವುದಿಲ್ಲ. ಜಾರಿ ಬಿದ್ದದ್ದು ಹತ್ತಿ ಬರಲು ಹೋದರೆ ಒಳಗೋಡೆಯ ಮೇಲ್ಭಾಗದ ಮೇಣದ ಪದರ ತಡೆಯುತ್ತದೆ, ತಳಭಾಗದ ಗ್ರಂಥಿಗಳು ಜೀರ್ಣರಸ ಸುರಿಸುತ್ತವೆ. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಗಿಡಗಳಲ್ಲಿರುವುದರಿಂದ ಒಂಟಿ ಗಿಡ ಬೀಜ ಕಟ್ಟಲಾರದು.

ಇದೇ ಜೀರ್ಣಕ್ರಿಯೆ ಕಲ್ಕತ್ತದಲ್ಲಿ ಜಗದೀಶಚಂದ್ರ ಬೋಸರ ಗಮನ ಸೆಳೆಯಿತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು 1907ರಲ್ಲಿ ಪ್ರಕಟಿಸಿದ 'ಕಂಪ್ಯಾರೆಟಿವ್ ಎಲೆಕ್ಟ್ರೊ-ಫಿಸಿಯಾಲಜಿ' ಗ್ರಂಥದಲ್ಲಿ ಹೂಜಿಯ ಒಳಮೈಯ ವಿದ್ಯುತ್ ಸ್ಪಂದನಗಳನ್ನು ಪ್ರಾಣಿಯ ಜಠರದ ಸ್ಪಂದನಗಳ ಜೊತೆಯಿಟ್ಟು ನೋಡಿದರು. ಹೊಸ ಹೂಜಿಯೂ ಹುಳು ಹಿಡಿದ ಹೂಜಿಯೂ ಒಂದೇ ರೀತಿ ಸ್ಪಂದಿಸುವುದಿಲ್ಲ ಎಂಬುದು ಅವರಿಗೆ ಮಹತ್ವದ ಸಂಗತಿ. ಸಸ್ಯ, ಪ್ರಾಣಿಗಳ ಅಂಗಾಂಶ ಮೂಲದಲ್ಲಿ ಒಂದೇ ಬಗೆಯಲ್ಲಿ ವರ್ತಿಸುತ್ತದೆ ಎಂಬ ಅವರ ವಾದಕ್ಕೆ ಇದಕ್ಕಿಂತ ಒಪ್ಪುವ ಗಿಡ ಸಿಗುವುದು ಕಷ್ಟವಿತ್ತು. ಶಿಬ್‌ಪುರದ ಉದ್ಯಾನಕ್ಕೆ 2009ರಲ್ಲಿ ಅವರದೇ ಹೆಸರಿಡಲಾಯಿತು.

ಉದ್ಯಾನದ ಸೂಪರಿಂಟೆಂಡೆಂಟ್ ಜಾರ್ಜ್ ಕಿಂಗ್ 1890ರಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣ ಇಲಾಖೆಯ ಮೊದಲ ನಿರ್ದೇಶಕನಾದ. ಇಲಾಖೆಯ ಕೇಂದ್ರ ಕಚೇರಿ ಇಂದಿಗೂ ಕೋಲ್ಕತ್ತದಲ್ಲಿದೆ, ಒಣಗಿಸಿದ ಗಿಡಗಳ ಅದರ ದೊಡ್ಡ ಭಂಡಾರ ಶಿಬ್‌ಪುರದ ತೋಟದಲ್ಲೇ ಇದೆ. ಎಲ್ಲಿ, ಯಾವ ವರ್ಷ ಕಿತ್ತದ್ದು ಎಂದು ಬರೆದಿಟ್ಟ ಹಾಳೆಗಳು ಅಳಿವಿನಂಚಿನ ಗಿಡದ ಲೆಕ್ಕಕ್ಕೆ ಬೇಕೇ ಬೇಕು.

ಆ ಅಂಚಿಗೆ ಖಾಸಿಯಾನ ಈಗ ಬಂದಿದೆ. ಗಾರೊ ಜನ ಅದನ್ನು ಮೆಮಾಂಗ್ ಕೊಕ್ಸಿ ಎಂದೂ ಖಾಸಿಗಳು ತಿಯು ರಾಕೋಟ್ ಎಂದೂ ಕರೆಯುತ್ತಾರೆ, ತೆರೆಯದ ಹೂಜಿಯ ದ್ರವವನ್ನು ಮನೆಮದ್ದಾಗಿ ಬಳಸುತ್ತಾರೆ. ಜೈಂತಿಯಾ ಗುಡ್ಡಗಳ ಕಲ್ಲಿದ್ದಲು ಗಣಿ, ಕುಮರಿ ಬೇಸಾಯ, ರಸ್ತೆ, ಮಾರಾಟಕ್ಕೆಂದು ಗಿಡಗಳನ್ನೇ ಕಿತ್ತೊಯ್ಯುವುದು ಇವೆಲ್ಲ ಸೇರಿ ನೆಲೆ ಕುಗ್ಗಿದೆ. ಅಂತರರಾಷ್ಟ್ರೀಯ ವ್ಯಾಪಾರದ ಸೈಟೀಸ್ ಒಪ್ಪಂದದ ಮೊದಲ ಅನುಬಂಧದಲ್ಲಿ ಅದಕ್ಕೆ ಸ್ಥಾನ ಸಿಕ್ಕಿದೆ, 170ಕ್ಕೂ ಹೆಚ್ಚು ಜಾತಿಗಳ ಈ ಕುಲದಲ್ಲಿ ಅಷ್ಟು ಬಿಗಿ ರಕ್ಷಣೆ ಇರುವ ಇನ್ನೊಂದು ಜಾತಿ ಬೋರ್ನಿಯೋದ ನೆಪೆಂಥೆಸ್ ರಾಜಾ ಮಾತ್ರ. ದಕ್ಷಿಣ ಗಾರೊ ಗುಡ್ಡಗಳ ಬಾಗ್‌ಮಾರದಲ್ಲಿ ಖಾಸಿಯಾನಕ್ಕೆಂದೇ ಒಂದು ಅಭಯತಾಣವಿದೆ. ಕೇರಳದ ಪಾಲೋಡಿನ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಯಲ್ಲಿ ಅಂಗಾಂಶ ಕೃಷಿಯಿಂದ ಸಸಿ ಬೆಳೆಸುವ ವಿಧಾನ 1990ರ ದಶಕದಲ್ಲೇ ಸಿದ್ಧವಾಯಿತು. ಹೂಜಿಯ ಅಂಚು ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆಂದು 2013ರಲ್ಲಿ ವರದಿ ಮಾಡಿದವರೂ ಅಲ್ಲಿನ ಸಂಶೋಧಕರೇ.