ವಜ್ರದುಂಗುರ ಎಷ್ಟು ಹಳೆಯದು?

ನಿಮ್ಮ ಮನೆಯಲ್ಲಿ ಅಜ್ಜ-ಅಜ್ಜಿಯರ ಮದುವೆಯ ಛಾಯಾಚಿತ್ರವಿದ್ದರೆ ಒಮ್ಮೆ ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಮನೆ ಸ್ವಲ್ಪ ಅನುಕೂಲಸ್ಥರದಾಗಿದ್ದರೆ ಅಜ್ಜಿಯ ಕಿವಿಯಲ್ಲಿ ಏಳು ಕಲ್ಲಿನ ವಜ್ರದ ಓಲೆಯೋ, ಮೂಗಿನಲ್ಲಿ ಬೇಸರಿಯೋ ಕಾಣಬಹುದು. ಕತ್ತಿನಲ್ಲಿ ತಾಳಿ, ಕಾಲಿನಲ್ಲಿ ಕಾಲುಂಗುರ. ಆದರೆ ವರನು ವಧುವಿನ ಬೆರಳಿಗೆ ವಜ್ರದುಂಗುರ ತೊಡಿಸುವ ಚಿತ್ರವನ್ನು ಮಾತ್ರ ಅಲ್ಲಿ ಹುಡುಕಬೇಡಿ. ನಿಶ್ಚಿತಾರ್ಥವೆಂದರೆ ಹಿರಿಯರು ಕುಳಿತು ತಾಂಬೂಲ ಬದಲಾಯಿಸಿಕೊಂಡು, ಲಗ್ನಪತ್ರಿಕೆ ಓದಿಸಿ, ಸಿಹಿ ತಿಂದು ಏಳುವುದಾಗಿತ್ತು. ಈಗ ನಮ್ಮ ಊರುಗಳ ಛತ್ರಗಳಲ್ಲೂ ಉಂಗುರ ಬದಲಾವಣೆಗೆಂದೇ ಪ್ರತ್ಯೇಕ ವೇದಿಕೆ ಸಜ್ಜಾಗುತ್ತದೆ. ಕೇಳಿದರೆ 'ಪಾಶ್ಚಾತ್ಯರ ಪುರಾತನ ಸಂಪ್ರದಾಯ, ನಮಗೂ ಬಂದಿದೆ' ಎನ್ನುತ್ತಾರೆ. ಪಾಶ್ಚಾತ್ಯರಲ್ಲಾದರೂ ಅದು ಅಷ್ಟು ಪುರಾತನವೇ? ಈ ಪ್ರಶ್ನೆಯ ಬೆನ್ನು ಹತ್ತಿ ಹೊರಟರೆ ನಾವು ಕೃಷ್ಣಾ ನದಿಯ ದಂಡೆಯಿಂದ ಆಫ್ರಿಕಕ್ಕೂ ಅಲ್ಲಿಂದ ನ್ಯೂಯಾರ್ಕಿನ ಒಂದು ಕಚೇರಿಗೂ ಹೋಗಬೇಕಾಗುತ್ತದೆ.

ಮೊದಲು ಕೃಷ್ಣೆಯ ದಂಡೆ. 18ನೆಯ ಶತಮಾನದ ಮೊದಲ ಭಾಗದವರೆಗೆ ಜಗತ್ತಿಗೆ ವಜ್ರವೆಂದರೆ ಬಹುಮಟ್ಟಿಗೆ ಭಾರತದ ವಜ್ರವೇ. ಬೋರ್ನಿಯೋ ದ್ವೀಪದಿಂದ ಅಷ್ಟಿಷ್ಟು ಬರುತ್ತಿತ್ತು, ಅಷ್ಟೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ವಜ್ರದ ಗುಣದೋಷಗಳ ಮಾತು ಬರುತ್ತದೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಗಣಿಗಳನ್ನು ಗುತ್ತಿಗೆಗೆ ಕೊಡುತ್ತಿದ್ದರೆಂದೂ ಒಂದು ಗೊತ್ತಾದ ತೂಕಕ್ಕಿಂತ ದೊಡ್ಡದಾದ ಹರಳುಗಳೆಲ್ಲ ಅರಸನ ಭಂಡಾರಕ್ಕೆ ಸೇರಬೇಕಿತ್ತೆಂದೂ ಬರೆದಿದ್ದಾನೆ. ಬಳ್ಳಾರಿಗೆ ಹತ್ತಿರದ, ಇಂದು ಆಂಧ್ರದ ಅನಂತಪುರ ಜಿಲ್ಲೆಯಲ್ಲಿರುವ ವಜ್ರಕರೂರಿನ ಹೆಸರನ್ನೇ ನೋಡಿ. ಊರೇ ತನ್ನ ಕಥೆ ಹೇಳುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಅಲ್ಲಿಯ ಹೊಲಗಳಲ್ಲಿ ಕಣ್ಣು ನೆಲಕ್ಕೆ ನೆಟ್ಟು ಹರಳು ಹುಡುಕುವವರನ್ನು ಇಂದಿಗೂ ಕಾಣಬಹುದು.

17ನೆಯ ಶತಮಾನದ ಮಧ್ಯಭಾಗದಲ್ಲಿ ಫ್ರೆಂಚ್ ರತ್ನವ್ಯಾಪಾರಿ ತಾವರ್ನಿಯೆ ಈ ಗಣಿಗಳನ್ನು ಕಣ್ಣಾರೆ ಕಂಡ. ಅವನು ಮೊದಲು ನೋಡಿದ ಗಣಿ ನಮ್ಮ ಬಿಜಾಪುರದ ಸುಲ್ತಾನನ ಆಳ್ವಿಕೆಗೆ ಸೇರಿದ ಕರ್ನಾಟಕ ಪ್ರಾಂತ್ಯದಲ್ಲಿತ್ತು. ಅವನು 'ರಾವೋಲ್ಕೊಂಡ' ಎಂದು ಕರೆದ ಆ ಸ್ಥಳವನ್ನು ಕರ್ನೂಲು ಜಿಲ್ಲೆಯ ರಾಮಳ್ಳಕೋಟವೆಂದು ಗುರುತಿಸಲಾಗಿದೆ. ಕೃಷ್ಣಾತೀರದ ಕೊಲ್ಲೂರು ಗಣಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 60,000 ಮಂದಿ ದುಡಿಯುತ್ತಿದ್ದರೆಂದು ಅವನ ಬರಹ ಹೇಳುತ್ತದೆ. (ನಮ್ಮ ಮೂಕಾಂಬಿಕೆಯ ಕೊಲ್ಲೂರು ಬೇರೆ; ಗೊಂದಲ ಬೇಡ.)

ಅವನು ವರ್ಣಿಸಿದ ಒಂದು ಸಂಗತಿ ನಿಮಗಾಗಿಯೇ ಬರೆದಂತಿದೆ. ಊರ ನಡುವಿನ ದೊಡ್ಡ ಮರದ ಕೆಳಗೆ ಬೆಳಿಗ್ಗೆ ವರ್ತಕರ ಮಕ್ಕಳು ಬಂದು ಕೂರುತ್ತಿದ್ದರು. ವಯಸ್ಸು ಹತ್ತರಿಂದ ಹದಿನೈದು-ಹದಿನಾರು. ಪ್ರತಿಯೊಬ್ಬನ ಸೊಂಟದ ಒಂದು ಬದಿಗೆ ತೂಕದ ಬಟ್ಟುಗಳ ಚೀಲ, ಇನ್ನೊಂದು ಬದಿಗೆ ಹೊನ್ನಿನ ಚೀಲ. ಯಾರಾದರೂ ಹರಳು ಮಾರಲು ತಂದರೆ ಅದು ಮೊದಲು ಗುಂಪಿನ ಹಿರಿಯ ಹುಡುಗನ ಕೈಗೆ ಹೋಗುತ್ತಿತ್ತು. ಅವನಿಂದ ಪಕ್ಕದವನಿಗೆ, ಅವನಿಂದ ಮತ್ತೊಬ್ಬನಿಗೆ. ಯಾರೂ ತುಟಿ ಬಿಚ್ಚುವಂತಿಲ್ಲ. ಸುತ್ತು ಮುಗಿದು ಮರಳಿ ಬಂದ ಮೇಲೆ ಹಿರಿಯನೇ ಬೆಲೆ ಕುದುರಿಸಬೇಕು. ದುಬಾರಿ ಕೊಟ್ಟರೆ ನಷ್ಟ ಅವನ ತಲೆಗೆ. ಸಂಜೆ ಕೊಂಡದ್ದನ್ನೆಲ್ಲ ತೂಕ, ಹೊಳಪುಗಳ ಪ್ರಕಾರ ವಿಂಗಡಿಸಿ ದೊಡ್ಡ ವರ್ತಕರಿಗೆ ಮಾರಿ ಲಾಭವನ್ನು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಹಿರಿಯನಿಗೆ ಮಾತ್ರ ಶೇಕಡಾ ಕಾಲು ಭಾಗ ಹೆಚ್ಚು. ದೊಡ್ಡವರ ವ್ಯಾಪಾರ ಇನ್ನೂ ವಿಚಿತ್ರ. ಇಬ್ಬರೂ ಎದುರುಬದುರು ಕುಳಿತು, ಬಟ್ಟೆಯ ಮರೆಯಲ್ಲಿ ಕೈಹಿಡಿದು, ಬೆರಳು ಒತ್ತಿ ಬೆಲೆ ಹೇಳಿಕೊಳ್ಳುತ್ತಿದ್ದರು. ಅಷ್ಟು ಜನರ ನಡುವೆ ನಡೆದ ವ್ಯಾಪಾರ ಪಕ್ಕದವನಿಗೂ ತಿಳಿಯುತ್ತಿರಲಿಲ್ಲ.

ಈ ಎಲ್ಲ ವೈಭವದಲ್ಲಿ ಮದುವೆಯ ಉಂಗುರ ಎಲ್ಲಿದೆ? ಎಲ್ಲಿಯೂ ಇಲ್ಲ. ನಮ್ಮಲ್ಲಿ ವಜ್ರ ಅರಸರ, ದೇವರ, ಶ್ರೀಮಂತರ ಆಭರಣ. ಅದಕ್ಕೂ ನಿಶ್ಚಿತಾರ್ಥಕ್ಕೂ ಗಂಟು ಬಿದ್ದಿರಲಿಲ್ಲ. ಯುರೋಪಿನಲ್ಲಿ 1477ರಲ್ಲಿ ಆಸ್ಟ್ರಿಯದ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಗೆ ವಜ್ರದುಂಗುರ ಕೊಟ್ಟನೆಂಬುದನ್ನು ಆಭರಣದ ಅಂಗಡಿಯವರು ಬಾಯಿಪಾಠದಂತೆ ಹೇಳುತ್ತಾರೆ. ಇರಲಿ. ಅದು ರಾಜಮನೆತನಗಳ ನಡುವಿನ ಒಪ್ಪಂದದ ಮದುವೆ. ಒಬ್ಬ ರಾಜಕುಮಾರ ಮಾಡಿದ್ದನ್ನೆಲ್ಲ ಜನತೆಯ ಸಂಪ್ರದಾಯ ಎಂದು ಕರೆಯುವುದಾದರೆ ನಾವೆಲ್ಲ ಅಂಬಾರಿಯಲ್ಲಿ ಕುಳಿತು ಕಾಲೇಜಿಗೆ ಹೋಗಬೇಕಾಗಿತ್ತು.

1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಕ್ಕಿತು. ಗೋಲ್ಕೊಂಡದ ಏಕಸ್ವಾಮ್ಯ ಮುಗಿಯಿತು. ನಿಜವಾದ ತಿರುವು ಬಂದದ್ದು 1867ರಲ್ಲಿ. ದಕ್ಷಿಣ ಆಫ್ರಿಕದ ಆರೆಂಜ್ ನದಿಯ ಬಳಿ ಒಬ್ಬ ಹುಡುಗನಿಗೆ ಹೊಳೆಯುವ ಕಲ್ಲೊಂದು ಸಿಕ್ಕಿತು. ಪರೀಕ್ಷಿಸಿದಾಗ ಅದು ವಜ್ರ. ನಾಲ್ಕೇ ವರ್ಷದಲ್ಲಿ ಸಾವಿರಾರು ಜನ ಹಾರೆ-ಗುದ್ದಲಿ ಹಿಡಿದು ಕಿಂಬರ್ಲಿಗೆ ಮುತ್ತಿದರು. ಅಲ್ಲಿ ಬಹುಪಾಲು ಮನುಷ್ಯರ ಕೈಯಿಂದಲೇ ತೋಡಿದ ಬೃಹತ್ ಹೊಂಡವನ್ನು ಇಂದಿಗೂ ನೋಡಬಹುದು. 1914ರಲ್ಲಿ ಕೆಲಸ ನಿಲ್ಲುವ ಹೊತ್ತಿಗೆ ಅದೊಂದರಿಂದಲೇ ಸುಮಾರು 2,700 ಕಿಲೋಗ್ರಾಂ ವಜ್ರ ಹೊರಬಂದಿತ್ತು. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ ಎಂಬುದು ನೆನಪಿರಲಿ. ಉಳಿದ ಲೆಕ್ಕವನ್ನು ನೀವೇ ಮಾಡಿ.

ಆ ಹೊಂಡ ತೋಡಿದವರು ಯಾರು? ಹೆಚ್ಚಿನವರು ದೂರದ ಹಳ್ಳಿಗಳಿಂದ ಬಂದ ಕಪ್ಪು ಜನ. 1880ರ ದಶಕದಲ್ಲಿ ಗಣಿ ಕಂಪನಿಗಳು ಅವರನ್ನು ಬೇಲಿ ಹಾಕಿದ ಆವರಣಗಳಲ್ಲಿ ಕೂಡಿಹಾಕಿದವು. ಕರಾರು ಮುಗಿಯುವವರೆಗೆ ತಿಂಗಳುಗಟ್ಟಲೆ ಹೊರಗೆ ಕಾಲಿಡುವಂತಿಲ್ಲ. ಬಿಡುಗಡೆಗೆ ಮುನ್ನ, ಹರಳು ನುಂಗಿದ್ದಾರೋ ಎಂದು ಪರೀಕ್ಷಿಸಲು ದಿನಗಟ್ಟಲೆ ಪ್ರತ್ಯೇಕವಾಗಿ ಇರಿಸಿಕೊಳ್ಳುತ್ತಿದ್ದರು. ಮುಂದೆ ಆ ದೇಶವನ್ನು ಕಾಡಿದ ವರ್ಣಭೇದದ ವ್ಯವಸ್ಥೆಗೆ ಈ ಬೇಲಿಗಳು ಒಂದು ಪೂರ್ವಪಾಠವೆಂದೇ ನನಗನ್ನಿಸುತ್ತದೆ.

ಗಣಿಯ ಒಡೆಯರಿಗೆ ಇನ್ನೊಂದು ಬಗೆಯ ಚಿಂತೆ ಹತ್ತಿತು. ವಜ್ರಕ್ಕೆ ಬೆಲೆ ಇರುವುದು ಅದು ಅಪರೂಪವಾಗಿರುವುದರಿಂದ. ಬುಟ್ಟಿಗಟ್ಟಲೆ ಸಿಗತೊಡಗಿದರೆ ಯಾರು ಕೇಳುತ್ತಾರೆ? ಸೆಸಿಲ್ ರೋಡ್ಸ್ ಎಂಬ ಇಂಗ್ಲಿಷ್ ಸಾಹಸಿ ಗಣಿಗಳನ್ನು ಒಂದೊಂದಾಗಿ ಕೊಂಡು 1888ರಲ್ಲಿ ಡಿ ಬೀರ್ಸ್ ಕಂಪನಿಯನ್ನು ಕಟ್ಟಿದ. ಹೆಸರು ಮಾತ್ರ ಆ ಜಮೀನನ್ನು ಹಿಂದೆಯೇ ಮಾರಿಹೋಗಿದ್ದ ರೈತ ಸೋದರರದ್ದು. ಅಗೆದದ್ದನ್ನೆಲ್ಲ ಮಾರಬಾರದು, ಕೂಡಿಟ್ಟುಕೊಂಡು ಹದವರಿತು ಹೊರಬಿಡಬೇಕು ಎಂಬುದು ಕಂಪನಿಯ ಸೂತ್ರ. ಮುಂದಿನ ಒಂದು ಶತಮಾನ ಜಗತ್ತಿನ ವಜ್ರದ ನಲ್ಲಿಯನ್ನು ತಿರುಗಿಸುವ ಕೈ ಬಹುಮಟ್ಟಿಗೆ ಅದೇ ಆಗಿತ್ತು.

ಪೂರೈಕೆಯೇನೋ ಹಿಡಿತಕ್ಕೆ ಬಂತು. ಬೇಡಿಕೆ? 1930ರ ದಶಕದ ಆರ್ಥಿಕ ಕುಸಿತದಲ್ಲಿ ವಜ್ರ ಕೇಳುವವರಿರಲಿಲ್ಲ. 1938ರಲ್ಲಿ ಕಂಪನಿಯ ಹ್ಯಾರಿ ಒಪೆನ್‌ಹೈಮರ್ ನ್ಯೂಯಾರ್ಕಿಗೆ ಹೋಗಿ ಎನ್. ಡಬ್ಲ್ಯು. ಏಯರ್ ಎಂಬ ಜಾಹೀರಾತು ಸಂಸ್ಥೆಯನ್ನು ಕಂಡ. ನಮ್ಮ ಕಥೆಯ ನಡುಮನೆ ಇದೇ.

ನನ್ನದು ದೃಶ್ಯಮಾಧ್ಯಮದ ಕಸುಬು. ಆದ್ದರಿಂದ ಆ ಪ್ರಚಾರದ ವಿವರಗಳನ್ನು ಓದುವಾಗ ಒಂದು ಕಡೆ ಬೆರಗು, ಇನ್ನೊಂದು ಕಡೆ ಕಿರಿಕಿರಿ. ಏಕಸ್ವಾಮ್ಯ ವಿರೋಧಿ ಕಾನೂನಿನಿಂದಾಗಿ ಡಿ ಬೀರ್ಸ್ ಅಮೆರಿಕದಲ್ಲಿ ನೇರ ವ್ಯಾಪಾರ ಮಾಡುವಂತಿರಲಿಲ್ಲ. ಹೀಗಾಗಿ 'ಇಂಥ ಅಂಗಡಿಗೆ ಬನ್ನಿ' ಎನ್ನುವ ಜಾಹೀರಾತಿಗೆ ಅರ್ಥವಿರಲಿಲ್ಲ. ಒಂದು ಭಾವನೆಯನ್ನೇ ಮಾರಬೇಕಿತ್ತು. ಪಿಕಾಸೊ, ಡಾಲಿಯಂಥವರ ಚಿತ್ರಗಳನ್ನು ಜಾಹೀರಾತಿಗೆ ಬಳಸಿದರು. ಸಿನಿಮಾ ತಾರೆಯರು ಯಾವ ವಜ್ರ ತೊಟ್ಟರೆಂಬ ಸುದ್ದಿಯನ್ನು ತಾವೇ ಬರೆದು ಪತ್ರಿಕೆಗಳಿಗೆ ಒದಗಿಸಿದರು. ಪ್ರೌಢಶಾಲೆಗಳಿಗೆ ಉಪನ್ಯಾಸಕರನ್ನು ಕಳಿಸಿ ಹುಡುಗಿಯರಿಗೆ ನಿಶ್ಚಿತಾರ್ಥದ ಉಂಗುರದ ಬಗ್ಗೆ ಮಾತನಾಡಿಸಿದರು. ನಿಮ್ಮ ವಯಸ್ಸಿನವರ ತರಗತಿಗೆ, ಪಾಠದ ವೇಷದಲ್ಲಿ, ಜಾಹೀರಾತು ನಡೆದು ಬಂದಿತ್ತು ಎಂಬುದನ್ನು ಗಮನಿಸಿ.

1947ರಲ್ಲಿ ಆ ಸಂಸ್ಥೆಯ ಬರಹಗಾರ್ತಿ ಫ್ರಾನ್ಸಿಸ್ ಗೆರೆಟಿ, ವಜ್ರವು ಎಂದೆಂದಿಗೂ ಉಳಿಯುವಂಥದು ಎಂಬರ್ಥದ ನಾಲ್ಕು ಇಂಗ್ಲಿಷ್ ಪದಗಳ ಘೋಷವಾಕ್ಯವನ್ನು ಬರೆದಳು. ಸ್ವತಃ ಅವಳು ಮದುವೆಯಾಗಲೇ ಇಲ್ಲ. ಆ ವಾಕ್ಯದಲ್ಲಿ ಪ್ರೇಮದ ಜೊತೆಗೆ ಒಂದು ವ್ಯಾಪಾರಿ ಲೆಕ್ಕವೂ ಅಡಗಿದೆ. ವಜ್ರ ಸವೆಯುವುದಿಲ್ಲ, ಹಿಂದೆ ಅಗೆದು ತೆಗೆದದ್ದೆಲ್ಲ ಯಾರದೋ ಪೆಟ್ಟಿಗೆಯಲ್ಲಿದೆ. ಜನ ಅದನ್ನೆಲ್ಲ ಮರಳಿ ಮಾರಲು ತಂದರೆ ಪೇಟೆ ಕುಸಿಯುತ್ತದೆ. 'ಎಂದೆಂದಿಗೂ' ಎಂದರೆ 'ಮಾರಬೇಡಿ' ಎಂದೂ ಆಗುತ್ತದೆ.

ಇದು ಅಮೆರಿಕದ ಮಾತಾಯಿತು. ಜಪಾನಿನಲ್ಲಿ ನಡೆದದ್ದು ಇನ್ನೂ ಸೋಜಿಗ. ಅಲ್ಲಿ ವಜ್ರದುಂಗುರದ ರೂಢಿಯೇ ಇರಲಿಲ್ಲ. 1967ರಲ್ಲಿ ಪ್ರಚಾರ ಆರಂಭವಾದಾಗ ನಿಶ್ಚಿತಾರ್ಥವಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಐದು ಮಂದಿಗೂ ಅದು ದೊರೆಯುತ್ತಿರಲಿಲ್ಲ. 1981ರ ಹೊತ್ತಿಗೆ ನೂರಕ್ಕೆ ಸುಮಾರು ಅರವತ್ತು! ಎಷ್ಟು ಖರ್ಚು ಮಾಡಬೇಕೆಂಬುದನ್ನೂ ಜಾಹೀರಾತೇ ಹೇಳಿಕೊಟ್ಟಿತು: ಅಮೆರಿಕದಲ್ಲಿ ಎರಡು ತಿಂಗಳ ಸಂಬಳ, ಜಪಾನಿನಲ್ಲಿ ಮೂರು. ಹದಿನಾಲ್ಕು ವರ್ಷದಲ್ಲಿ ಒಂದು 'ಸಂಪ್ರದಾಯ' ಹುಟ್ಟಿತ್ತು.

ವಿಜ್ಞಾನ ಓದಿದವನಾಗಿ ಇಲ್ಲಿ ಒಂದು ತಕರಾರು ಎತ್ತಬೇಕು. ವಜ್ರ ಶುದ್ಧ ಇಂಗಾಲ. ಇದ್ದಿಲಿನ, ಪೆನ್ಸಿಲ್ ಕಡ್ಡಿಯ ಗ್ರಾಫೈಟಿನ ಒಡಹುಟ್ಟು. 1797ರಲ್ಲಿ ಸ್ಮಿತ್ಸನ್ ಟೆನೆಂಟ್ ಎಂಬ ಇಂಗ್ಲಿಷ್ ರಸಾಯನ ವಿಜ್ಞಾನಿ ವಜ್ರವನ್ನು ಸುಟ್ಟು, ಅದೇ ತೂಕದ ಇದ್ದಿಲು ಕೊಡುವಷ್ಟೇ ಇಂಗಾಲದ ಡೈಆಕ್ಸೈಡ್ ಬರುತ್ತದೆಂದು ತೋರಿಸಿದ. ನಾವು ಬದುಕುವ ಒತ್ತಡ, ಉಷ್ಣತೆಗಳಲ್ಲಿ ಹೆಚ್ಚು ಸ್ಥಿರವಾದದ್ದು ಗ್ರಾಫೈಟೇ ಹೊರತು ವಜ್ರವಲ್ಲ. ವಜ್ರ ಗ್ರಾಫೈಟಾಗಿ ಬದಲಾಗುವ ವೇಗ ಲೆಕ್ಕಕ್ಕೆ ಸಿಗದಷ್ಟು ನಿಧಾನವಾದ್ದರಿಂದ ಯಾರ ಉಂಗುರಕ್ಕೂ ಅಪಾಯವಿಲ್ಲ, ಅಷ್ಟೆ. ಅದರ ಹೊಳಪಿಗೆ ಕಾರಣ 2.42ರಷ್ಟಿರುವ ವಕ್ರೀಭವನಾಂಕ. ಒಳಹೊಕ್ಕ ಬೆಳಕು ಸುಲಭವಾಗಿ ಹೊರಗೆ ನುಸುಳಲಾರದೆ ಒಳಗೇ ಪ್ರತಿಫಲಿಸಿ ಮುಖದ ಕಡೆಗೆ ಚಿಮ್ಮುತ್ತದೆ. ಅತಿಥಿ ಕಲಾವಿದೆಯ ಓಲೆ ಸ್ಟುಡಿಯೋ ದೀಪಕ್ಕೆ ಮಿಂಚಿ ಪರದೆಯಲ್ಲಿ ಬಿಳಿಯ ಚುಕ್ಕೆಯಾದಾಗ ಕ್ಯಾಮೆರಾದವರು ಬೈದುಕೊಳ್ಳುವುದು ಈ ಗುಣವನ್ನೇ! ನಮ್ಮ ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಹಲವು ವರ್ಷ ವಜ್ರಗಳನ್ನು ಕೂಡಿಹಾಕಿ ಅಧ್ಯಯನ ಮಾಡಿದರು. ಯಾರ ಬೆರಳಿಗೂ ತೊಡಿಸಲಲ್ಲ, ಬೆಳಕು ಅವುಗಳೊಳಗೆ ಏನು ಮಾಡುತ್ತದೆಂದು ತಿಳಿಯಲು.

ಮತ್ತೆ ಅಜ್ಜಿಯ ಓಲೆಗೆ ಬರೋಣ. ದಕ್ಷಿಣ ಭಾರತದ ಹಳೆಯ ಮನೆಗಳಲ್ಲಿ 'ಬ್ಲೂ ಜಾಗರ್' ವಜ್ರವೆಂದರೆ ಬಹಳ ಮೇಲು ಎಂಬ ಮಾತನ್ನು ನೀವು ಕೇಳಿರಬಹುದು. ನಮ್ಮದೇ ಹಳೆಯ ಹೆಸರಿನಂತೆ ಕೇಳುವ ಈ 'ಜಾಗರ್' ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೇನ್ ಗಣಿಯ ಹೆಸರಿನ ತುಂಡು! ನೀಲಿ ಛಾಯೆಯ ಬಿಳಿ ವಜ್ರಗಳಿಗೆ ಆ ಗಣಿ ಪ್ರಸಿದ್ಧವಾಗಿತ್ತು. ಮುಂದೆ ಅದೇ ದರ್ಜೆಯ ಹೆಸರಾಯಿತು. ಕೃಷ್ಣಾತೀರದಿಂದ ಜಗತ್ತಿಗೆಲ್ಲ ವಜ್ರ ಕಳಿಸಿದ ನಾಡು, ತನ್ನ ಮನೆಮಗಳ ಓಲೆಗೆ ಆಫ್ರಿಕದ ಕಲ್ಲನ್ನೇ ಶ್ರೇಷ್ಠವೆಂದು ಕೊಂಡುಕೊಂಡಿತು.

ಆದರೂ ಆ ಓಲೆಗೂ ಇಂದಿನ ಉಂಗುರಕ್ಕೂ ವ್ಯತ್ಯಾಸವಿದೆ. ಓಲೆಯನ್ನು ಕೊಳ್ಳುವ ಮುನ್ನ ಕೆಲವು ದಿನ ಮನೆಯಲ್ಲಿಟ್ಟು 'ಆಗಿಬರುತ್ತದೆಯೇ' ಎಂದು ನೋಡುವ ಪದ್ಧತಿಯಿತ್ತು. ನಂಬಿಕೆ ಏನೇ ಇರಲಿ, ಕೊಳ್ಳುವವರು ಯೋಚಿಸಲು ಅದರಿಂದ ನಾಲ್ಕು ದಿನ ಸಿಗುತ್ತಿತ್ತು. ಇಂದು ಛತ್ರ ಗೊತ್ತಾಗಿ, ದಿನ ಗೊತ್ತಾಗಿ, ಬೀಗರ ಮನೆಯವರ ಎದುರು ಅಂಗಡಿಯಲ್ಲಿ ಕುಳಿತ ತಂದೆಗೆ ಯೋಚಿಸುವ ಬಿಡುವಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆ 'ಸ್ವಇಚ್ಛೆಯ ಉಡುಗೊರೆ'ಗೆ ದಾರಿ ಬಿಟ್ಟಿರುವುದರಿಂದ ಉಂಗುರದ ಕಲ್ಲು ಎಷ್ಟು ದೊಡ್ಡದಿರಬೇಕೆಂಬ ಮಾತು ಆ ದಾರಿಯಲ್ಲೇ ಒಳಬರುತ್ತದೆ. ಚಿನ್ನವನ್ನು ಕಷ್ಟಕಾಲಕ್ಕೆ ಅಡವಿಡಬಹುದು, ಕರಗಿಸಿ ಮಾರಬಹುದು. ಸಣ್ಣ ವಜ್ರವನ್ನು ಕೊಂಡ ಬೆಲೆಗೆ ಮಾರುವುದು ಕಠಿಣ. ನಿಮ್ಮ ಊರಿನ ಅಂಗಡಿಯಲ್ಲಿ, ಕೊಳ್ಳುವ ಬೆಲೆಯ ಜೊತೆಗೆ ಮರಳಿ ಕೊಟ್ಟರೆ ಏನು ಬರುತ್ತದೆಂದೂ ಕೇಳಿ ನೋಡಿ.

1990ರ ದಶಕದಲ್ಲಿ ಸಿಯೆರಾ ಲಿಯೋನ್, ಅಂಗೋಲಗಳ ಅಂತರ್ಯುದ್ಧಗಳಿಗೆ ವಜ್ರದ ಹಣ ಹರಿದದ್ದು ಬಯಲಾದ ಮೇಲೆ, ಕಚ್ಚಾ ವಜ್ರಕ್ಕೆ ಮೂಲದ ಪ್ರಮಾಣಪತ್ರ ಬೇಕೆಂಬ ಕಿಂಬರ್ಲಿ ಒಪ್ಪಂದ 2003ರಲ್ಲಿ ಜಾರಿಗೆ ಬಂತು. ಅಷ್ಟರಲ್ಲಿ ಡಿ ಬೀರ್ಸ್‌ನ ಹಿಡಿತವೂ ಸಡಿಲಿತ್ತು. ಅದಕ್ಕಿಂತ ದೊಡ್ಡ ಏಟು ಪ್ರಯೋಗಾಲಯದಿಂದ ಬಂದಿದೆ. 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಟ್ರೇಸಿ ಹಾಲ್ ಅಪಾರ ಒತ್ತಡದಲ್ಲಿ ಇಂಗಾಲವನ್ನು ವಜ್ರವಾಗಿಸಿದ್ದ. ಆಗ ಸಿಕ್ಕದ್ದು ಯಂತ್ರಗಳಿಗೆ ಬೇಕಾದ ಪುಡಿಹರಳು. ಈಗ ಅನಿಲದಿಂದ ಪದರಪದರವಾಗಿ ಆಭರಣದ ವಜ್ರವನ್ನೇ ಬೆಳೆಸುತ್ತಾರೆ. ರಾಸಾಯನಿಕವಾಗಿ ಅದೂ ವಜ್ರವೇ. ಬರಿಗಣ್ಣಿಗೆ ಭೇದ ಕಾಣದು, ಉಪಕರಣ ಬೇಕು. ಬೆಲೆಯಂತೂ ಗಣಿಯ ವಜ್ರದ ಒಂದು ಸಣ್ಣ ಪಾಲಿಗೆ ಇಳಿದಿದೆ. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತಕ್ಕೆ ಸಾಣೆ ಹಿಡಿಯುವ ಸೂರತ್ತಿನಲ್ಲಿ ಈಗ ಗಣಿಯಿಂದ ಬಂದ ಕಲ್ಲಿಗೂ ಯಂತ್ರದಲ್ಲಿ ಬೆಳೆದ ಕಲ್ಲಿಗೂ ಒಂದೇ ಬಗೆಯ ಸಾಣೆ, ಒಂದೇ ಬಗೆಯ ಕೈಗಳು.