ಹಾಸಿಗೆ ಸುತ್ತಿಡುವ ಹೊತ್ತು

ಕಳೆದ ವರ್ಷ ಒಂದು ಶುಕ್ರವಾರ ಬೆಳಗ್ಗೆ ಊರಿಂದ ಅವ್ವನ ಫೋನ್ ಬಂತು. "ನಿಮ್ಮಪ್ಪ ಹಾಸಿಗಿ ಹಿಡದಾರಪ್ಪ" ಅಂದಳು. ದುಬೈ ಕ್ಯಾಂಪಿನ ಎರಡಂತಸ್ತಿನ ಕಬ್ಬಿಣದ ಮಂಚದ ಮೇಲೆ ಕೂತಿದ್ದ ನನಗೆ ಆ ಒಂದು ಮಾತು ಬಹಳ ದಿನ ಬಿಡಲಿಲ್ಲ. ರಜೆಗೆ ಕಾಯುತ್ತಿದ್ದ ದಿನಗಳಲ್ಲಿ ಅದರ ಬೆನ್ನು ಹತ್ತಿದೆ.

ಹಾಸಿಗೆ ಅಂದ್ರೆ ಹಾಸಿದ್ದು, ಅಷ್ಟೇ. ಹಳಗನ್ನಡದಲ್ಲಿ ಇದು 'ಪಾಸು'. ಸುಮಾರು 10ನೇ ಶತಮಾನದಿಂದ ಈಚೆಗೆ ನಮ್ಮ ಪದಗಳ ಮೊದಲಿನ ಪಕಾರ ಹಕಾರವಾಗತೊಡಗಿತು. ಪಾಲು ಹಾಲಾಯಿತು, ಪೂ ಹೂವಾಯಿತು, ಪಾಸು ಹಾಸಾಯಿತು. ಕೆಳಗಿನ ಮಂಚದ ಕೇರಳದ ಗೆಳೆಯ ಚಾಪೆಗೆ 'ಪಾಯ' ಅಂತಾನೆ. ಅದೂ ಇದೇ ಬಳಗದ್ದು. ಅವರ ಪಕಾರ ಹಾಗೇ ಉಳಿದಿದೆ. ಹಾಸುಗಲ್ಲು, ಹಾಸುಬಂಡೆ, ನೆಲಹಾಸು ಎಲ್ಲಾ ಒಂದೇ ಮನೆಯ ಮಕ್ಕಳು. ನೇಕಾರರು ಉದ್ದಕ್ಕೆ ಹರಡುವ ನೂಲಿಗೂ ಹಾಸು ಅಂತಾರೆ, ಅಡ್ಡ ಹೋಗುವುದು ಹೊಕ್ಕು. 'ಹಾಸುಹೊಕ್ಕು' ಅನ್ನೋ ಮಾತು ಬಂದದ್ದು ಮಗ್ಗದಿಂದಲೇ.

ಬಹಮನಿ, ಆದಿಲ್‌ಶಾಹಿ ಕಾಲದಲ್ಲಿ ಪಾರಸಿ ಆಡಳಿತದ ಭಾಷೆಯಾಗಿತ್ತು. ಚಾದರ, ಜಮಖಾನದಂಥ ಪಾರಸಿ ಮಾತುಗಳು ನಮ್ಮ ಮನೆಯೊಳಗೆ ಬಂದವು. ನವಲಗುಂದದ ಜಮಖಾನ ಇವತ್ತಿಗೂ ಹೆಸರುವಾಸಿ. ಆದರೆ ಏನೇ ಬಂದರೂ, ರಾತ್ರಿ ನೆಲಕ್ಕೆ ಬಿದ್ದ ಮೇಲೆ ಅದು ಹಾಸಿಗೆಯೇ.

ಅರಬ್ಬರದ್ದೂ ಹೆಚ್ಚು ಬೇರೆಯಲ್ಲ. ಇಂಗ್ಲಿಷಿನ ಮ್ಯಾಟ್ರೆಸ್ ಪದದ ಮೂಲ ಅರಬ್ಬಿಯ 'ಮತ್ರಹ್', ಅಂದರೆ ಕೆಳಗೆ ಎಸೆದು ಹಾಕುವ ಜಾಗ. ಇಟಲಿಯ ಮೂಲಕ ಅದು ಯೂರೋಪಿಗೆ ಹೋಯಿತು. ಅವರೂ ನೆಲದ ಮೇಲೆ ಹಾಸಿ ಮಲಗಿದವರೇ. ಸಂಬಳದ ದಿನ ನಮ್ಮ ಈಜಿಪ್ಟಿನ ಫೋರ್‌ಮನ್ ಒಂದು ಗಾದೆ ಹೇಳ್ತಾನೆ: ನಿನ್ನ ಲಿಹಾಫ್ ಎಷ್ಟುದ್ದವೋ ಅಷ್ಟೇ ಕಾಲು ಚಾಚು. ಲಿಹಾಫ್ ಅಂದ್ರೆ ಹೊದಿಕೆ. ನಾವು ಅನ್ನೋದು 'ಹಾಸಿಗೆ ಇದ್ದಷ್ಟು ಕಾಲು ಚಾಚು'. ಅವರು ಮೇಲಿನದನ್ನು ಅಳೆದರು, ನಾವು ಕೆಳಗಿನದನ್ನು. ಬುದ್ಧಿ ಮಾತ್ರ ಒಂದೇ.

ಇಷ್ಟು ತಿಳಿದ ಮೇಲೆ ಅವ್ವನ ಮಾತು ಅರ್ಥವಾಯ್ತು. ಹಾಸಿಗೆ ಮಂಚದ ಹಾಗೆ ಒಂದೇ ಕಡೆ ನಿಲ್ಲುವ ಸಾಮಾನಲ್ಲ. ನಮ್ಮ ಊರಿನ ಮನೆಯಲ್ಲಿ ಇರೋದು ಒಂದೇ ದೊಡ್ಡ ಕೋಣೆ. ರಾತ್ರಿ ಅಲ್ಲಿ ಆರು ಜನ ಮಲಗ್ತಿದ್ವಿ. ಕೋಳಿ ಕೂಗೋ ಹೊತ್ತಿಗೆ ಹಾಸಿಗೆ ಸುತ್ತಿ ಮೂಲೆಗೆ ಇಟ್ಟರೆ ಅದೇ ಕೋಣೆ ಊಟದ ಮನೆ, ಓದೋ ಮನೆ, ಮಳೆಗಾಲದಲ್ಲಿ ಜೋಳ ಹರಡೋ ಜಾಗ. ಬೆಳಗಾದರೂ ಸುತ್ತಿಡಲಾಗದ ಹಾಸಿಗೆ ಅಂದ್ರೆ ಮನೆಗೇ ಬೆಳಗಾಗಿಲ್ಲ ಅಂತ. ಹಾಸಿಗೆ ಹಿಡಿಯೋದು ಅಂದ್ರೆ ಅದು.

ಇಲ್ಲಿ ನಾವು ಬಾಡಿಗೆಗೆ ಹಿಡಿಯೋದು ಬೆಡ್ ಸ್ಪೇಸ್. ನಮ್ಮ ಮಂಚಗಳನ್ನು ಯಾರೂ ಸುತ್ತಿಡೋದಿಲ್ಲ. ಒಬ್ಬ ಹಗಲು ಪಾಳಿಗೆ ಎದ್ದು ಹೋದರೆ ಪಕ್ಕದವನು ರಾತ್ರಿ ಪಾಳಿ ಮುಗಿಸಿ ಬಂದು ಮಲಗ್ತಾನೆ. ರೂಮಿನಲ್ಲಿ ಯಾವಾಗಲೂ ಲೈಟು ಆರಿಯೇ ಇರುತ್ತೆ. ಹತ್ತು ವರ್ಷ ಇದ್ದರೂ ಇದನ್ನು ಮನೆ ಅನ್ನೋಕೆ ಬಾಯಿ ಬಾರದ್ದು ಯಾಕೆ ಅಂತ ಈಗ ಗೊತ್ತಾಯ್ತು.

ರಜೆ ಸಿಗೋಕೆ ಇಪ್ಪತ್ತು ದಿನ ಹಿಡೀತು. ಊರಿಗೆ ಹೋದೆ. ಅಪ್ಪ ತುಂಬಾ ಇಳಿದುಹೋಗಿದ್ದರು. ರಾತ್ರಿ ಅವರ ಪಕ್ಕದಲ್ಲೇ ನೆಲದ ಮೇಲೆ ಹಾಸಿಕೊಂಡೆ. ಕಾಲು ಮಡಚಿಕೊಂಡು ಮಲಗಿದ್ದು ನೋಡಿ "ಚಾಚೋ, ಜಾಗಾ ಐತಿ" ಅಂದರು. ಎಂಟನೇ ದಿನ ಬೆಳಗ್ಗೆ ಗೋಡೆ ಹಿಡಿದು ತಾವೇ ಎದ್ದು ಕಟ್ಟೆಗೆ ಹೋಗಿ ಕೂತರು. ಅವ್ವ ಏನೂ ಮಾತಾಡಲಿಲ್ಲ. ಒಳಗೆ ಬಂದು ಅಪ್ಪನ ಹಾಸಿಗೆ ಸುತ್ತಿ ಮೂಲೆಗೆ ಇಟ್ಟು, ಕಸ ಗುಡಿಸೋಕೆ ಶುರು ಮಾಡಿದಳು.